ಲೇಬಲ್ ಕಿತ್ತ ಡಬ್ಬಿ

ಮೇಲಣ್ಣನಿಗೆ ಹೊಟ್ಟೆ ಖಾಲಿಯಾಗದೆ ಅವತ್ತಿಗೆ ಆರು ದಿನ. ಈ ವಿಷಯವನ್ನು ಅವನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಇಪ್ಪತ್ತೆಂಟು ವರ್ಷ ಜೊತೆಗೆ ಸಂಸಾರ ಮಾಡಿದ ಹೆಂಡತಿಗೂ ಹೇಳಿರಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಕಕ್ಕಸಿನ ಬಾಗಿಲು ಹಾಕಿಕೊಂಡರೆ ಅರ್ಧ ಗಂಟೆ ಒಳಗೇ ಕೂತಿರುತ್ತಿದ್ದ. ಹೊರಗೆ ಬರುವ ಮುಂಚೆ ಒಂದು ಬಕೆಟ್ ನೀರನ್ನು ಧಡಾರನೆ ಸುರಿದು, ಕೆಲಸ ಮುಗಿಸಿದವನ ಮುಖ ಮಾಡಿಕೊಂಡು ಬರುತ್ತಿದ್ದ. ಐವತ್ತೆರಡು ವರ್ಷದ ಗಂಡಸು ಕಕ್ಕಸಿನಲ್ಲೂ ನಾಟಕ ಆಡಬೇಕೇ? ಆಡುತ್ತಿದ್ದ, ಏನು ಮಾಡೋಣ.

ಅವನ ಕೆಲಸ ಟವರ್ ಕ್ರೇನ್ ಓಡಿಸುವುದು. ಹದಿನಾಲ್ಕು ಮಹಡಿಯ ಕಟ್ಟಡ ಏಳುತ್ತಿದ್ದ ಸೈಟಿನಲ್ಲಿ, ನಲವತ್ತೈದು ಮೀಟರ್ ಎತ್ತರದ ಗಾಜಿನ ಕ್ಯಾಬಿನ್ನಿನಲ್ಲಿ ಕೂತು ಸರಳು, ಸಿಮೆಂಟು, ಹಲಗೆ ಎಲ್ಲವನ್ನೂ ಎತ್ತಿ ಇಳಿಸುತ್ತಿದ್ದ. ಸದಾ ಮೇಲೇ ಇರುವವನಾದ್ದರಿಂದ ಮೇಲಣ್ಣ. ಬೆಳಿಗ್ಗೆ ಏಳೂವರೆಗೆ ಏಣಿ ಹತ್ತಿದರೆ ಇಳಿಯುವುದು ಮಧ್ಯಾಹ್ನ ಒಂದಕ್ಕೆ, ಊಟಕ್ಕೆ. ಮತ್ತೆ ಹತ್ತಿದರೆ ಸಂಜೆ ಆರು. ಏಣಿ ಹತ್ತಿಳಿಯುವುದೇ ಅರ್ಧ ಗಂಟೆಯ ಕೆಲಸ, ಅಷ್ಟು ಹೊತ್ತು ಕೆಳಗೆ ನಲವತ್ತು ಜನ ಕೈಕಟ್ಟಿ ನಿಲ್ಲಬೇಕು. ಒಂದಕ್ಕೆ ಅವಸರವಾದರೆ ಕ್ಯಾಬಿನ್ನಿನಲ್ಲಿ ಒಂದು ಪ್ಲಾಸ್ಟಿಕ್ ಬಾಟಲಿ ಇತ್ತು. ಎರಡಕ್ಕೆ ಅವಸರವಾದರೆ ದೇವರೇ ಗತಿ. ಹಾಗಾಗಿ ಅವನು ಹತ್ತೊಂಬತ್ತು ವರ್ಷದಿಂದ ನೀರನ್ನು ಗುಟುಕು ಗುಟುಕಾಗಿ ಮಾತ್ರ ಕುಡಿಯುತ್ತ, ಹೊಟ್ಟೆ ಕರೆದಾಗಲೆಲ್ಲ "ಆಮೇಲೆ, ಆಮೇಲೆ" ಎಂದು ಗದರಿಸಿ ಕೂರಿಸುತ್ತ ಬಂದಿದ್ದ. ಹೊಟ್ಟೆ ಪಾಪ ಹೇಳಿದ ಮಾತು ಕೇಳಿತು. ಕೊನೆಗೆ ಕರೆಯುವುದನ್ನೇ ಬಿಟ್ಟುಬಿಟ್ಟಿತು.

ಹೇಳಿಕೊಳ್ಳಲು ಅವನಿಗೆ ಇದ್ದ ಹೆದರಿಕೆಗೆ ಒಂದು ಕಾರಣವೂ ಇತ್ತು. ಆ ಕಾರಣ ದಿನಾ ಅವನ ಕಣ್ಣೆದುರಿಗೇ ಓಡಾಡುತ್ತಿತ್ತು. ಅವನ ಕ್ರೇನಿಗೆ ಕೆಳಗಿನಿಂದ ವಾಕಿಟಾಕಿಯಲ್ಲಿ ಎಡ, ಬಲ, ಇಳಿಸು ಎಂದು ಹೇಳುವ ಸಿಗ್ನಲ್ಲಿನವನಿಗೆ ನಾಲ್ಕು ವರ್ಷದ ಹಿಂದೆ ಒಂದು ದಿನ ಹೊಟ್ಟೆ ಕೆಟ್ಟಿತ್ತು. ಮೂರು ಸಲ ಓಡಿದ. ಮೂರನೆಯ ಸಲ ದಾರಿಯಲ್ಲೇ ಆಗಬಾರದ್ದು ಆಗಿಹೋಯಿತು. ಅದನ್ನು ಮೇಲಿನಿಂದ ನೋಡಿದ ಮೇಲಣ್ಣ, "ಯಾರಾದ್ರೂ ಆ ನಲ್ಲಿ ನಿಲ್ಲಿಸ್ರಪ್ಪಾ" ಎಂದು ವಾಕಿಯಲ್ಲಿ ಅಂದ. ಇಡೀ ಸೈಟು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವತ್ತಿನಿಂದ ಸಿಗ್ನಲ್ಲಿನವನು ನಲ್ಲಿ. ಗೇಟಿನ ಕಾವಲುಗಾರನೂ ಹಾಗೇ ಕರೆಯುತ್ತಿದ್ದ. ಈಚೆಗೆ ಅವನೇ ಫೋನಿನಲ್ಲಿ "ಹಾಂ, ನಾನು ನಲ್ಲಿ ಮಾತಾಡ್ತಿರೋದು" ಅನ್ನುವ ಮಟ್ಟಕ್ಕೆ ಬಂದಿದ್ದ. ತಾನು ಇಟ್ಟ ಹೆಸರು ಇಷ್ಟು ಗಟ್ಟಿಯಾಗಿ ಕೂತಿದ್ದನ್ನು ನೋಡಿದವನಿಗೆ, ತನ್ನ ವಿಷಯ ಹೊರಗೆ ಬಿದ್ದರೆ ಹತ್ತು ನಿಮಿಷದಲ್ಲಿ ತನಗೂ ಒಂದು ಹೆಸರು ತಯಾರಾಗುತ್ತದೆ ಎಂದು ಚೆನ್ನಾಗಿ ಗೊತ್ತಿತ್ತು.

ಆರನೇ ದಿನ ಸಂಜೆ ಅವನು ಮೂರು ಬಸ್ ಸ್ಟಾಪ್ ಆಚೆಗೆ, ಗುರುತಿನವರು ಯಾರೂ ಇಲ್ಲದ ಕಡೆ, ಒಂದು ಔಷಧಿ ಅಂಗಡಿಗೆ ಹೋದ. ಒಳಗೆ ಯಾರೂ ಇಲ್ಲದ ಹೊತ್ತು ನೋಡಿ ಕೌಂಟರಿನ ಮೇಲೆ ಬಗ್ಗಿ ಪಿಸುಗುಟ್ಟಿದ.

"ನಾರಿನ ಪುಡಿ ಇದ್ಯಾ?"

"ಏನು? ಸ್ವಲ್ಪ ಜೋರಾಗಿ ಹೇಳಿ" ಅಂದ ಅಂಗಡಿಯವನು. ಅವನ ಗಂಟಲೋ, ಬೀದಿಯ ಆ ತುದಿಗೆ ಕೇಳಬೇಕು.

"ನಾರಿನ ಪುಡಿ."

"ಓ, ಮೋಷನ್ ಆಗ್ತಿಲ್ವಾ? ಯಾರಿಗೆ?"

"ನಮ್ಮತ್ತೆಗೆ."

ಅತ್ತೆ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಬದುಕಿದ್ದಾಗ ಅಳಿಯನ ಕೈಯಿಂದ ಒಂದು ಜ್ವರದ ಮಾತ್ರೆ ತರಿಸಿಕೊಂಡವಳಲ್ಲ. ಅಂಥವಳನ್ನು ಎಬ್ಬಿಸಿ ತಂದು ಹೊಟ್ಟೆ ಕಟ್ಟಿಸಿದ ಪುಣ್ಯಾತ್ಮ.

"ವಯಸ್ಸಾದೋರು ತಾನೇ? ನೀರು ಸರಿಯಾಗಿ ಕುಡೀತಾರಾ? ನೋಡಿ, ಇದನ್ನ ತಗೊಳ್ಳೋವಾಗ..." ಎಂದು ಅವನು ಶುರು ಮಾಡುವಷ್ಟರಲ್ಲಿ ಇಬ್ಬರು ಹೆಂಗಸರು ಒಳಗೆ ಬಂದರು. ಮೇಲಣ್ಣ ಡಬ್ಬಿಯನ್ನು ಕಸಿದುಕೊಂಡಂತೆ ತೆಗೆದುಕೊಂಡು, ಚಿಲ್ಲರೆಗೂ ಕಾಯದೆ, ಕಳ್ಳನ ಹಾಗೆ ಹೊರಗೆ ಬಿದ್ದ. ಹಿಂದಿನಿಂದ "ರೀ, ರೀ" ಎಂದು ಕೂಗಿದ್ದು ಕೇಳಿಸಿತು. ತಿರುಗಿ ನೋಡಲಿಲ್ಲ.

ಬಸ್ ಸ್ಟಾಪಿನಲ್ಲಿ ಕೂತು ಉಗುರಿನಿಂದ ಡಬ್ಬಿಯ ಲೇಬಲ್ಲನ್ನು ಪೂರ್ತಿ ಕಿತ್ತ. ಚೀಲದಲ್ಲಿ ಯಾರಾದರೂ ನೋಡಿದರೆ ಏನೋ ಒಂದು ಡಬ್ಬಿ ಅಂದುಕೊಳ್ಳಲಿ ಎಂದು. ಕಿತ್ತ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕಸದ ಬುಟ್ಟಿಗೆ ಹಾಕಿದ. ಒಂದು ಚಮಚಕ್ಕೆ ಒಂದು ದೊಡ್ಡ ಲೋಟ ನೀರು, ದಿನವಿಡೀ ಚೆನ್ನಾಗಿ ನೀರು ಕುಡಿಯಬೇಕು, ನೀರಿಲ್ಲದೆ ನುಂಗಲೇಬಾರದು ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದದ್ದು ಆ ಕಾಗದದ ಮೇಲೆಯೇ.

ಮನೆಯಲ್ಲಿ ಹೆಂಡತಿಯ ಕಣ್ಣು, ಸೈಟಿನಲ್ಲಿ ನೂರಿಪ್ಪತ್ತು ಜನರ ಕಣ್ಣು. ಯಾರ ಕಣ್ಣೂ ಇಲ್ಲದ ಜಾಗ ಒಂದೇ, ಕ್ಯಾಬಿನ್ನು. ಅಲ್ಲಿ ಬೆಳಿಗ್ಗೆ ಎಂಟಕ್ಕೆ ಒಂದು ಚಮಚ ಪುಡಿಯನ್ನು ಬಾಯಿಗೆ ಸುರಿದುಕೊಂಡ. ಮರ ಕೊಯ್ದ ಹೊಟ್ಟಿನ ರುಚಿ. ಅಂಗುಳಕ್ಕೆ ಅಂಟಿನ ಹಾಗೆ ಮೆತ್ತಿಕೊಂಡಿತು. ಒಂದು ಗುಟುಕು ನೀರು ಕುಡಿದು, ನಾಲಗೆಯಲ್ಲಿ ಕೆದಕಿ ಕೆದಕಿ ಒಳಗೆ ತಳ್ಳಿದ. ಅರ್ಧ ಲೀಟರಿನ ಬಾಟಲಿ ಮಧ್ಯಾಹ್ನದವರೆಗೂ ಬರಬೇಕಲ್ಲ, ಇನ್ನೊಂದು ಗುಟುಕಿಗೆ ಮನಸ್ಸು ಬರಲಿಲ್ಲ. ಎರಡು ದಿನ ಹೀಗೇ ಆಯಿತು, ಏನೂ ಪ್ರಯೋಜನ ಕಾಣಲಿಲ್ಲ. ಮೂರನೇ ದಿನ ಎರಡು ಚಮಚ ಮಾಡಿದ. ಆಮೇಲೆ ಬೆಳಿಗ್ಗೆ ಎರಡು, ಮಧ್ಯಾಹ್ನ ಎರಡು. ಯಂತ್ರ ಕಿರುಗುಟ್ಟಿದರೆ ಎಣ್ಣೆ ಬಿಡು, ಇನ್ನೂ ಕಿರುಗುಟ್ಟಿದರೆ ಇನ್ನಷ್ಟು ಬಿಡು ಎನ್ನುವುದು ಅವನಿಗೆ ಗೊತ್ತಿದ್ದ ವಿದ್ಯೆ. ಹೊಟ್ಟೆ ದಿನದಿಂದ ದಿನಕ್ಕೆ ಬಿಗಿಯಿತು. ಬೆಲ್ಟನ್ನು ಒಂದು ತೂತು ಸಡಿಲ ಮಾಡಿ, ಪುಡಿ ಈಗ ಒಳಗೆ ಕೆಲಸ ಶುರು ಮಾಡಿರಬೇಕು ಎಂದು ಸಮಾಧಾನ ಮಾಡಿಕೊಂಡ.

ಮಧ್ಯಾಹ್ನದ ಊಟ ಎಲ್ಲರಿಗೂ ಊಟದಕ್ಕನ ತಗಡಿನ ಶೆಡ್ಡಿನಲ್ಲಿ. ಹನ್ನೊಂದು ವರ್ಷದಿಂದ ಈ ತಂಡ ಯಾವ ಸೈಟಿಗೆ ಹೋದರೂ ಅವಳ ಪಾತ್ರೆಗಳು ಹಿಂದೆಯೇ ಬರುತ್ತಿದ್ದವು. ಗಂಡ ಬಿಟ್ಟುಹೋದ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಆ ಒಲೆಯಿಂದಲೇ ಓದಿಸುತ್ತಿದ್ದಳು. ಶುಚಿಯ ವಿಷಯದಲ್ಲಿ ಅವಳದು ದೊಡ್ಡ ಹಟ. ಕೈ ತೊಳೆಯದೆ ಬಂದರೆ ಇಂಜಿನಿಯರನ್ನೂ "ಹೋಗಿ ತೊಳ್ಕೊಂಡು ಬನ್ನಿ, ತಟ್ಟೆ ಎಲ್ಲಿಗೂ ಓಡಿಹೋಗಲ್ಲ" ಎಂದು ವಾಪಸ್ ಕಳಿಸುತ್ತಿದ್ದಳು. ಪುಡಿ ಶುರುವಾದ ಐದನೇ ದಿನ ಅನ್ನ, ಬೇಳೆ, ಬೇಯಿಸಿದ ಕಾಳು ಮಾಡಿದ್ದಳು. ಮೇಲಣ್ಣ ಅರ್ಧ ತಟ್ಟೆ ಬಿಟ್ಟೆದ್ದ.

"ಯಾಕಣ್ಣಾ, ರುಚಿಯಾಗಿಲ್ವಾ?"

"ಹಸಿವಿಲ್ಲ ಕಣಮ್ಮಾ."

ಮೂರು ಗಂಟೆಯ ಹೊತ್ತಿಗೆ ಕೊಕ್ಕೆಯಲ್ಲಿ ಒಂದೂವರೆ ಟನ್ ಸರಳಿನ ಕಟ್ಟು ತೂಗುತ್ತಿತ್ತು. ಆಗ ಯಾರೋ ಕರುಳಿಗೆ ಹಗ್ಗ ಹಾಕಿ ಜಗ್ಗಿದ ಹಾಗೆ ನೋವು ಬಂತು. ಕಣ್ಣು ಕತ್ತಲಿಟ್ಟಿತು. ಕೆಳಗೆ ಒಂಬತ್ತನೇ ಮಹಡಿಯ ಹಲಗೆಯ ಮೇಲೆ ಏಳು ಜನ ನಿಂತಿದ್ದರು. ಅವನು ತುಟಿ ಕಚ್ಚಿಕೊಂಡು, ನಲ್ಲಿಯ ದನಿಯನ್ನೇ ಹಿಡಿದುಕೊಂಡು, ಕಟ್ಟನ್ನು ಒಂದು ಕೂದಲೆಳೆಯಷ್ಟೂ ಅತ್ತಿತ್ತ ಆಗದ ಹಾಗೆ ಇಳಿಸಿದ. ಅದೊಂದನ್ನು ಮಾತ್ರ ಅವನ ಹೆಸರಿಗೆ ಬರೆಯಬೇಕು. ಕೊಕ್ಕೆ ಬಿಚ್ಚಿದ್ದು ಕಂಡ ಮೇಲೆ ಕ್ಯಾಬಿನ್ನಿನ ನೆಲಕ್ಕೆ ವಾಂತಿ ಮಾಡಿಕೊಂಡು, ವಾಕಿಯಲ್ಲಿ "ನಲ್ಲೀ, ನನ್ನ ಕೈಲಿ ಆಗ್ತಿಲ್ಲ ಕಣೋ" ಅಂದ.

ಮೊದಲು ಏಣಿ ಹತ್ತಿ ಬಂದವನು ನಲ್ಲಿಯೇ. ವಾಂತಿಯನ್ನು ತನ್ನ ಅಂಗಿಯಿಂದ ಒರೆಸಿ, ಮೇಲಣ್ಣನ ಬೆನ್ನಿಗೆ ಹಗ್ಗ ಕಟ್ಟಿ, ಇನ್ನೂ ಮೂವರ ಜೊತೆ ಸೇರಿ ಒಂದು ಗಂಟೆ ಹೆಣಗಿ ಕೆಳಗಿಳಿಸಿದ.

ಆಸ್ಪತ್ರೆಯಲ್ಲಿ ಮಂಚದ ಸುತ್ತ ಇಂಜಿನಿಯರು, ನಲ್ಲಿ, ಹೆಂಡತಿ ನಿಂತಿದ್ದರು. ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡುತ್ತ ಕೇಳಿದಳು.

"ಇವತ್ತು ಏನು ತಿಂದ್ರಿ?"

"ಕ್ಯಾಂಟೀನ್ ಊಟ."

"ಅದು ಬಿಟ್ಟು ಬೇರೆ ಏನಾದ್ರೂ? ಮಾತ್ರೆ, ಪುಡಿ, ನಾಟಿ ಔಷಧಿ?"

ಇಲ್ಲಿ ಒಂದು ಮಾತು ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮೇಲಣ್ಣ ಇಂಜಿನಿಯರ ಬೂಟು ನೋಡಿದ, ನಲ್ಲಿಯ ಮುಖ ನೋಡಿದ.

"ಏನೂ ಇಲ್ಲ. ಬರೀ ಕ್ಯಾಂಟೀನ್ ಊಟ."

ಇಂಜಿನಿಯರು ಆಗಲೇ ಫೋನ್ ತೆಗೆದು ಹೊರಗೆ ಹೋದರು. ಕ್ರೇನಿನವನಿಗೆ ಊಟ ವಿಷವಾಗಿ, ಏಳು ಜನರ ತಲೆಯ ಮೇಲೆ ಸರಳು ಬೀಳುವುದರಲ್ಲಿತ್ತು ಎಂದು ಅವರು ಯಾರಿಗೋ ಹೇಳುತ್ತಿದ್ದದ್ದು ಒಳಗೂ ಕೇಳಿಸಿತು.

ಒಂದು ಗಂಟೆಯ ನಂತರ, ಹೆಂಡತಿ ಔಷಧಿ ತರಲು ಹೋಗಿದ್ದಾಗ, ಡಾಕ್ಟರಮ್ಮ ಎಕ್ಸ್‌ರೇ ಹಿಡಿದುಕೊಂಡು ಒಬ್ಬಳೇ ಬಂದಳು.

"ಇದು ಕೆಟ್ಟ ಊಟದಿಂದ ಆಗಿದ್ದಲ್ಲ. ಒಳಗೆ ಗೋಡೆ ಕಟ್ಟಿದೀರಿ. ಈಗಲಾದ್ರೂ ಹೇಳಿ, ಏನು ತಗೊಂಡ್ರಿ?"

ಮೇಲಣ್ಣ ಚಾವಣಿಯ ಫ್ಯಾನಿಗೆ ಹೇಳುವವನ ಹಾಗೆ ಎಲ್ಲ ಹೇಳಿದ.

"ಎಷ್ಟು ನೀರಲ್ಲಿ ಕಲೆಸಿ ಕುಡೀತಿದ್ರಿ?"

"ಕಲೆಸ್ತಿರ್ಲಿಲ್ಲ. ಒಂದು ಗುಟುಕು ಕುಡೀತಿದ್ದೆ."

"ಅಯ್ಯೋ ನಿಮ್ಮ! ನಾರು ಒಳ್ಳೇದೇ, ನಾವೇ ಕೊಡ್ತೀವಿ. ಆದ್ರೆ ಅದು ನೀರು ಕುಡಿದು ಮೆತ್ತಗಾಗ್ಬೇಕು. ನೀರೇ ಇಲ್ಲದೇ ಇದ್ರೆ ಗಾರೆ ಹಾಗೆ ಗಟ್ಟಿಯಾಗಿ ಕೂತ್ಕೊಳ್ಳುತ್ತೆ. ಇನ್ನೆರಡು ದಿನ ಬಿಟ್ಟಿದ್ರೆ ಹೊಟ್ಟೆ ಕೊಯ್ಬೇಕಾಗ್ತಿತ್ತು."

"ಡಾಕ್ಟ್ರೇ, ಹೊರಗಿನೋರಿಗೆ ಹೇಳಬೇಡಿ."

"ನಾನ್ಯಾಕೆ ಹೇಳ್ಲಿ? ಹೇಳ್ಬೇಕಾದ್ದು ಯಾರಿಗಾದ್ರೂ ಇದ್ರೆ ನೀವು ಹೇಳಿ" ಎಂದು ಹೇಳಿ ಅವಳು ಮುಂದಿನ ಮಂಚಕ್ಕೆ ಹೋದಳು.

ಡ್ರಿಪ್ಪು, ಎನಿಮಾ, ಪರದೆಯ ಹಿಂದೆ ನರ್ಸುಗಳ ಕೈಯಲ್ಲಿ ಪಟ್ಟ ಪಾಡು, ಅದೆಲ್ಲ ಬೇಡ. ಮೂರು ದಿನಕ್ಕೆ ಮನೆಗೆ ಕಳಿಸಿದರು. ಶನಿವಾರ ನಲ್ಲಿ ನೋಡಲು ಬಂದ. ಕುರ್ಚಿಯ ತುದಿಯಲ್ಲಿ ಕೂತು ಸೈಟಿನ ಸುದ್ದಿ ಹೇಳಿದ.

"ಊಟದಕ್ಕನ ಕ್ಯಾಂಟೀನ್ ಮುಚ್ಚಿಸಿದ್ರಣ್ಣಾ. ಸೋಮವಾರದಿಂದ ಬೇರೆಯೋರಂತೆ. ಅವಳಿಗೆ ಇನ್ಯಾವ ಸೈಟಲ್ಲೂ ಕೊಡಲ್ಲ ಅಂತ ಇಂಜಿನಿಯರು ಬರೆದು ಕಳಿಸಿದಾರೆ."

ಮೇಲಣ್ಣ ದಿಂಬಿನಿಂದ ಎದ್ದು ಕೂತ. "ಬೇರೆ ಯಾರಿಗಾದ್ರೂ ಏನಾದ್ರೂ ಆಯ್ತಾ?"

"ಮೊದಲು ಯಾರಿಗೂ ಏನೂ ಇಲ್ಲ. ನಿಂಗೆ ಊಟದಿಂದ ಆಗಿದ್ದು ಅಂತ ಸುದ್ದಿ ಬಂತು ನೋಡು, ಸಂಜೆಗೆ ಆರು ಜನಕ್ಕೆ ಹೊಟ್ಟೆ ತೊಳಸೋಕೆ ಶುರು. ನಂಗೂ ಒಂಚೂರು ಆಯ್ತಪ್ಪಾ, ಸುಳ್ಳು ಯಾಕೆ ಹೇಳ್ಲಿ."

ಹೇಳಿಬಿಡಲು ಇದಕ್ಕಿಂತ ಒಳ್ಳೆಯ ಗಳಿಗೆ ಬೇಕಿತ್ತೇ? ಮಾತು ನಾಲಗೆಯ ತುದಿಗೆ ಬಂತು. ಎದುರಿಗೆ ಕೂತಿದ್ದವನು ನಲ್ಲಿ, ಅವನ ಹೆಸರೇ ನಲ್ಲಿ. ಮಾತು ಬಂದ ದಾರಿಯಲ್ಲೇ ವಾಪಸ್ ಹೋಯಿತು. "ಛೆ, ಪಾಪ" ಅಂದ ಮೇಲಣ್ಣ.

ಭಾನುವಾರ ಬೆಳಿಗ್ಗೆ ಊಟದಕ್ಕನೇ ಬಂದಳು. ಕೈಯಲ್ಲಿ ಬಾಳೆಹಣ್ಣಿನ ಚೀಲ ಇತ್ತು. ಒಳಗೆ ಬಾ ಅಂದರೆ ಬರಲಿಲ್ಲ, ಹೊಸ್ತಿಲಾಚೆಗೇ ನಿಂತಳು. ಇಂಜಿನಿಯರನ್ನು ಗದರಿಸುತ್ತಿದ್ದ ಆ ಹೆಂಗಸಿಗೆ ಅವತ್ತು ದನಿಯೇ ಹೊರಡುತ್ತಿರಲಿಲ್ಲ.

"ಹೆಂಗಿದೀರಣ್ಣಾ?"

"ಪರವಾಗಿಲ್ಲಮ್ಮಾ."

"ಪಾತ್ರೆನೆಲ್ಲ ಕುದಿಯೋ ನೀರಲ್ಲಿ ತೊಳ್ದೆ. ಕಾಳಿನ ಮೂಟೆನ ನೆಲಕ್ಕೆ ಸುರ್ಕೊಂಡು ಒಂದೊಂದೇ ಕಾಳು ನೋಡ್ದೆ. ಏನೂ ಕಾಣ್ಲಿಲ್ಲ. ಆದ್ರೆ ನೆನೆಸಿಟ್ಟ ಕಾಳಿಗೆ ಅವತ್ತು ಒಂಚೂರು ಹುಳಿ ವಾಸನೆ ಬಂದಿತ್ತೇನೋ ಅಂತ ಈಗ ಅನ್ಸುತ್ತೆ. ಅವತ್ತು ಬಂದಿರ್ಲಿಲ್ಲ ಅಣ್ಣಾ, ಆಣೆ ಮಾಡಿ ಹೇಳ್ತೀನಿ. ಈಗ ಯೋಚ್ನೆ ಮಾಡಿದ್ರೆ ಬಂದಿತ್ತು ಅನ್ಸುತ್ತೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಕೆಲ್ಸ ಹೋಗಿದ್ದಕ್ಕೆ ಬಂದಿಲ್ಲ ನಾನು. ನನ್ನ ಕೈಯಿಂದ ಒಂದು ಜೀವ ಹೋಗ್ತಿತ್ತಲ್ಲಾ, ಅದು ನಂಗೆ ಅನ್ನ ಇಳೀದಂಗೆ ಮಾಡಿದೆ. ನನ್ನ ತಪ್ಪನ್ನ ಹೊಟ್ಟೆಗೆ ಹಾಕ್ಕೊಳ್ಳಿ ಅಣ್ಣಾ."

ಮೇಲಣ್ಣ ಏನು ಹೇಳಿದ ಗೊತ್ತೇ? ಬರೆಯಲು ನಾಚಿಕೆಯಾಗುತ್ತದೆ.

"ಹೋಗ್ಲಿ ಬಿಡಮ್ಮಾ. ಆಗಿದ್ದು ಆಗೋಯ್ತು. ನಾನೇನೂ ಮನಸ್ಸಲ್ಲಿ ಇಟ್ಕೊಂಡಿಲ್ಲ."

"ನಿಮ್ದು ದೊಡ್ಡ ಮನಸ್ಸಣ್ಣಾ" ಎಂದು ಅವಳು ಕೈಮುಗಿದಳು. ಚೀಲವನ್ನು ಹೊಸ್ತಿಲ ಮೇಲಿಟ್ಟು ಹೋದಳು.

ನೆಲ ಬಾಯಿಬಿಟ್ಟಿದ್ದರೆ ಮೇಲಣ್ಣ ಕುರ್ಚಿ ಸಮೇತ ಒಳಗೆ ಹೋಗುತ್ತಿದ್ದ. ನೆಲ ಬಾಯಿಬಿಡಲಿಲ್ಲ. ಬದಲಿಗೆ ಅಡುಗೆಮನೆಯಿಂದ ಹೆಂಡತಿ ಹೊರಗೆ ಬಂದು, ಲೇಬಲ್ ಕಿತ್ತ ಡಬ್ಬಿಯನ್ನು ಅವನ ಮುಂದಿನ ಸ್ಟೂಲಿನ ಮೇಲೆ ಕುಕ್ಕಿದಳು.

"ನೀವು ಆಸ್ಪತ್ರೆಗೆ ಸೇರಿದ ದಿನಾನೇ ಕ್ಯಾಬಿನ್ನಿಂದ ತಂದ ನಿಮ್ಮ ಚೀಲದಲ್ಲಿ ಸಿಕ್ತು. ಮುಚ್ಚಳ ತೆಗ್ದು ನೋಡಿದ್ರೆ ಗೊತ್ತಾಗಲ್ವಾ? ನಮ್ಮಮ್ಮ ಕೊನೆಗಾಲದಲ್ಲಿ ಇದನ್ನೇ ಕುಡೀತಿದ್ಲು."

ಮೇಲಣ್ಣ ಡಬ್ಬಿಯನ್ನು ತೆಗೆಯಲು ಹೋದ, ಅವಳು ಅದರ ಮೇಲೆ ಕೈ ಇಟ್ಟಳು.

"ದಿನಾ ಬಕೆಟ್ ನೀರು ಸುರಿಯೋದು ಯಾಕೆ ಅಂತ ನಂಗೆ ತಿಳೀಲಿಲ್ಲ ಅಂದ್ಕೊಂಡ್ರಾ? ನಿಮ್ಮ ಹೊಟ್ಟೆ, ನಿಮ್ಮ ಮರ್ಯಾದೆ ಅಂತ ಸುಮ್ನಿದ್ದೆ. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಕಾಯ್ತಿದ್ದೆ." ಬಾಗಿಲ ಕಡೆ ಕೈ ತೋರಿಸಿದಳು. "ಈಗ ಬಾಗಿಲಿಗೆ ಬಂದೋಳು ಅತ್ಕೊಂಡು ತಪ್ಪಾಯ್ತು ಅಂದ್ಲು. ನೀವು ಕೂತ್ಕೊಂಡು ಇಸ್ಕೊಂಡ್ರಿ. ನಂಗೆ ನಿಮ್ಮ ಮುಖ ನೋಡೋಕೆ ಆಗ್ತಿಲ್ಲ."

"ಎಲ್ರೂ ನಗ್ತಾರೆ ಕಣೇ."

"ನಗ್ಲಿ!" ಅಂದಳು ಹೆಂಡತಿ. ಬಾಳೆಹಣ್ಣಿನ ಚೀಲವನ್ನು ಅವಳೂ ಮುಟ್ಟಲಿಲ್ಲ, ಅವನೂ ಮುಟ್ಟಲಿಲ್ಲ.

ಸೋಮವಾರ ಬೆಳಿಗ್ಗೆ ಏಳಕ್ಕೆ ಸೈಟಿನ ಗೇಟಿನ ಬಳಿ ಎಂದಿನಂತೆ ಎಲ್ಲರೂ ಸೇರಿದ್ದರು. ಕೆಲಸಕ್ಕೆ ಮುಂಚೆ ಇಂಜಿನಿಯರು ಐದು ನಿಮಿಷ ಹೆಲ್ಮೆಟ್ಟು, ಬೆಲ್ಟು, ಎಚ್ಚರ ಎಂದು ಹೇಳುವುದು ಅಲ್ಲಿನ ಪದ್ಧತಿ. ಪಕ್ಕದಲ್ಲಿ ಒಂದು ಗೂಡ್ಸ್ ಆಟೋ ನಿಂತಿತ್ತು. ಅದರ ತುಂಬ ಊಟದಕ್ಕನ ಪಾತ್ರೆಗಳು. ಅವಳು ಶೆಡ್ಡಿನ ಬೀಗದ ಕೈ ಕೊಡಲು ಕಾಯುತ್ತ, ಯಾರ ಮುಖವನ್ನೂ ನೋಡದೆ ನಿಂತಿದ್ದಳು.

"ಇವತ್ತಿನಿಂದ ಊಟಕ್ಕೆ ಬೇರೆ ವ್ಯವಸ್ಥೆ" ಎಂದು ಇಂಜಿನಿಯರು ಬಾಯಿ ತೆಗೆದಾಗ ಹಿಂದಿನ ಸಾಲಿನಿಂದ ಮೇಲಣ್ಣ ಕೈ ಎತ್ತಿದ.

"ಸಾರ್, ನಾನೊಂದು ಮಾತಾಡ್ಬೇಕು."

"ನೀವ್ಯಾಕ್ರೀ ಬಂದ್ರಿ? ರಜೆ ಇದೆಯಲ್ಲ?"

"ನಂಗೆ ಊಟದಿಂದ ಏನೂ ಆಗಿಲ್ಲ ಸಾರ್." ನೂರಿಪ್ಪತ್ತು ತಲೆಗಳು ಇವನ ಕಡೆ ತಿರುಗಿದವು. ಮೇಲಿನಿಂದ ನೋಡಿ ಅಭ್ಯಾಸವಾಗಿದ್ದವನಿಗೆ ಅವರೆಲ್ಲರ ಕಣ್ಣುಗಳನ್ನು ಸಮಕ್ಕೆ ನೋಡುವುದು ಕಷ್ಟವಾಯಿತು. "ನಂಗೆ ಮೋಷನ್ ಆಗ್ತಿರ್ಲಿಲ್ಲ. ಆರು ದಿನ ಆಗಿರ್ಲಿಲ್ಲ. ಯಾರಿಗೂ ಗೊತ್ತಾಗದ ಹಾಗೆ ನಾರಿನ ಪುಡಿ ತಂದು ಮೇಲೆ ಕ್ಯಾಬಿನ್ನಲ್ಲಿ ತಿಂತಿದ್ದೆ. ನೀರಲ್ಲಿ ಕುಡೀಬೇಕಂತೆ, ನಾನು ಒಣದು ನುಂಗ್ತಿದ್ದೆ. ಅದು ಒಳಗೆ ಗಾರೆ ಹಾಗೆ ಗಟ್ಟಿಯಾಯ್ತು. ಡಾಕ್ಟ್ರು ಅವತ್ತೇ ಹೇಳಿದ್ರು. ನಾನು ಮುಚ್ಚಿಟ್ಟೆ. ಅಕ್ಕಂದು ಏನೂ ತಪ್ಪಿಲ್ಲ."

ಎಲ್ಲೋ ಒಬ್ಬ ಕಿಸಕ್ಕೆಂದ. ಇನ್ನೊಬ್ಬ "ಲೇ, ಗಾರೆ ಮೇಸ್ತ್ರಿ!" ಎಂದು ಕೂಗಿದ. ಅಷ್ಟೇ, ಇಡೀ ಸೈಟು ಸ್ಫೋಟಿಸಿತು. ಹೆಲ್ಮೆಟ್ ತೆಗೆದು ತೊಡೆ ಬಡಿದುಕೊಂಡು ನಕ್ಕರು. ಹೊಟ್ಟೆ ತೊಳಸಿದ ಆರು ಜನ ಎಲ್ಲರಿಗಿಂತ ಜೋರಾಗಿ ನಕ್ಕರು. ನಲ್ಲಿಯೂ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು. ಇಂಜಿನಿಯರು ಕೆಮ್ಮುವ ನೆಪದಲ್ಲಿ ಮುಖ ತಿರುಗಿಸಿಕೊಂಡು, ಕೈಯಲ್ಲಿದ್ದ ಹೊಸ ಕ್ಯಾಂಟೀನಿನ ಕಾಗದ ಹರಿದು, "ಅಕ್ಕಾ, ಪಾತ್ರೆ ಇಳಿಸಿ. ಬರೆದಿದ್ದನ್ನ ನಾನು ವಾಪಸ್ ತಗೋತೀನಿ. ನನ್ನದೂ ತಪ್ಪಾಯ್ತು" ಅಂದರು.

ಮೇಲಣ್ಣನಿಗೆ ಆಶ್ಚರ್ಯವಾಯಿತು. ಹದಿನೈದು ದಿನ ಹೆದರಿ ಸತ್ತ ನಗು ಇದೇ. ಬಂತು, ಮುಖಕ್ಕೆ ಬಡಿಯಿತು, ಹೋಗಿಯೂ ಹೋಯಿತು. ಪ್ರಾಣವೇನೂ ಹೋಗಲಿಲ್ಲ. ಹೆಸರೂ ಅಂಟಿತು, ಅಂಟಲಿ. ಮೈ ಹಗುರಾಗಿ ಅವನಿಗೂ ಒಂದು ಪೆಚ್ಚು ನಗು ಬಂತು. ತಾನು ಏನೋ ದೊಡ್ಡ ಕೆಲಸ ಮಾಡಿದೆ ಎಂದು ಒಂದು ಗಳಿಗೆ ಅನ್ನಿಸಿದ್ದೂ ಉಂಟು.

ಆ ನಗು ಮುಖದಲ್ಲಿ ಇರುವಾಗಲೇ ಅವನ ಕಣ್ಣು ಊಟದಕ್ಕನ ಮೇಲೆ ಬಿತ್ತು. ಅಷ್ಟು ಜನರಲ್ಲಿ ನಗದೇ ಇದ್ದವಳು ಅವಳೊಬ್ಬಳೇ. ಅವಳು ನಿಧಾನವಾಗಿ ಅವನ ಹತ್ತಿರ ಬಂದಳು.

"ನಿನ್ನೆ ನಾನು ನಿಮ್ಮನೆಗೆ ಬಂದಿದ್ನಲ್ಲಾ" ಅಂದಳು. ಗದರಲಿಲ್ಲ, ಅಳಲೂ ಇಲ್ಲ. "ಆಗ ನಿಮ್ಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ನನ್ನ ಕ್ಷಮಿಸಿದ್ರಾ?"

ನೂರಿಪ್ಪತ್ತು ಜನರ ನಗುವಿಗೆ ಅವನು ತಯಾರಾಗಿ ಬಂದಿದ್ದ, ಈ ಒಂದು ಪ್ರಶ್ನೆಗೆ ತಯಾರಾಗಿರಲಿಲ್ಲ. ಅವಳು ಆಟೋದ ಕಡೆ ಹೋಗಿ ಅನ್ನದ ದೊಡ್ಡ ಪಾತ್ರೆಯ ಒಂದು ಕಿವಿ ಹಿಡಿದು ಎಳೆದಳು. ಒಬ್ಬರ ಕೈಲಿ ಏಳುವಂಥದ್ದಲ್ಲ ಅದು. ಮೇಲಣ್ಣ ಓಡಿಹೋಗಿ ಇನ್ನೊಂದು ಕಿವಿಗೆ ಕೈ ಹಾಕಿದ.

"ಬಿಡಿ" ಅಂದಳು ಅವಳು, ಪಾತ್ರೆಯ ಮೇಲಿನ ಕಣ್ಣು ತೆಗೆಯದೆ. "ನಲ್ಲಿ ಬರ್ತಾನೆ."

ಮೇಲಣ್ಣ ಕೈ ತೆಗೆದ.